ನೆರ್ಚಿನ್ಸ್ಕ್ ಒಪ್ಪಂದ, 1689: ಗಡಿ ನದಿಯ ಮೇಲಲ್ಲ, ಬೆಟ್ಟದ ನೆತ್ತಿಯ ಮೇಲೆ

ಹೋದ ವಾರದ ಟೆಸ್ಟಿನಲ್ಲಿ, ರಷ್ಯಾ ಮತ್ತು ಚೀನಾ ಮಾಡಿಕೊಂಡ ನೆರ್ಚಿನ್ಸ್ಕ್ ಒಪ್ಪಂದದ ಗಡಿಯನ್ನು ನಕ್ಷೆಯಲ್ಲಿ ತೋರಿಸಿ ಎಂದು ಕೇಳಿದ್ದರು. ನಾನು ಅಮುರ್ ನದಿಯ ಉದ್ದಕ್ಕೂ ಕೆಂಪು ಪೆನ್ನಿನಲ್ಲಿ ದಪ್ಪ ಗೆರೆ ಎಳೆದೆ. ಮೇಲೆ ರಷ್ಯಾ, ಕೆಳಗೆ ಚೀನಾ ಎಂದು ಬರೆದೆ. ಹತ್ತಕ್ಕೆ ಎರಡು ಬಂತು. ಆ ಎರಡು ಅಂಕವೂ ಇಸವಿ ಸರಿ ಇದ್ದದ್ದಕ್ಕೆ ಇರಬೇಕು. ಎರಡು ಸಂಜೆ ಕೂತು ತಪ್ಪು ಎಲ್ಲಾಯಿತು ಎಂದು ಹುಡುಕಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಗಡಿಯ ಭಾಗ ಉದ್ದವಾಗಿದೆ, ಸ್ವಲ್ಪ ಸಹಿಸಿಕೊಳ್ಳಿ.

ಜಗಳ ಹುಟ್ಟಿದ್ದು

17ನೇ ಶತಮಾನದಲ್ಲಿ ರಷ್ಯಾದ ಕೊಸಾಕರು, ಅಂದರೆ ಗಡಿನಾಡಿನ ಕುದುರೆ ಸವಾರ ಯೋಧರು, ತುಪ್ಪಳದ ಆಸೆಗೆ ಸೈಬೀರಿಯ ದಾಟಿ ಅಮುರ್ ಕಣಿವೆಗೆ ಇಳಿದರು. ಸೇಬಲ್ ಎಂಬ ಪುಟ್ಟ ಪ್ರಾಣಿಯ ತುಪ್ಪಳಕ್ಕೆ ಆಗ ಭಾರೀ ಬೆಲೆ. ಇತ್ತ ಈಶಾನ್ಯದ ಮಂಚು ಜನ 1644ರಲ್ಲಿ ಬೀಜಿಂಗ್ ಹಿಡಿದು ಚೀನಾದಲ್ಲಿ ಚಿಂಗ್ ಆಳ್ವಿಕೆ ಶುರು ಮಾಡಿದ್ದರು. ಅಮುರ್ ಕಣಿವೆ ಅವರ ತವರಿನ ಹಿತ್ತಲು ಇದ್ದ ಹಾಗೆ. ಅಲ್ಲಿ ಬೇರೆಯವರು ಬಂದು ಕೋಟೆ ಕಟ್ಟಿದರೆ ಸುಮ್ನೆ ಇರುತ್ತಾರಾ?

ಆ ಕೋಟೆಯ ಹೆಸರು ಅಲ್ಬಾಜಿನ್. 1685ರಲ್ಲಿ ಚಿಂಗ್ ಸೇನೆ ಅದನ್ನು ಹಿಡಿದು ಹಾಳುಗೆಡವಿತು. ಸೇನೆ ಅತ್ತ ಹೋದದ್ದೇ ತಡ, ರಷ್ಯನ್ನರು ವಾಪಸು ಬಂದು ಹೊಲದಲ್ಲಿ ನಿಂತಿದ್ದ ಪೈರು ಕೊಯ್ದು ಮತ್ತೆ ಕೋಟೆ ಕಟ್ಟಿದರು. 1686ರಲ್ಲಿ ಎರಡನೇ ಮುತ್ತಿಗೆ.

ಆದರೆ ಇಬ್ಬರಿಗೂ ರಾಜಿ ಬೇಕಿತ್ತು. ಮಾಸ್ಕೋಗೆ ಅಷ್ಟು ದೂರ ದೊಡ್ಡ ಸೈನ್ಯ ಕಳಿಸಲು ಆಗುತ್ತಿರಲಿಲ್ಲ, ಬೀಜಿಂಗಿನ ವ್ಯಾಪಾರವೂ ಬೇಕಿತ್ತು. ಚಿಂಗ್ ಚಕ್ರವರ್ತಿ ಕಾಂಗ್‌ಶಿಗೆ ಜುಂಗಾರರ, ಅಂದರೆ ಪಶ್ಚಿಮದ ಮಂಗೋಲರ, ದೊರೆ ಗಾಲ್ದಾನ್‌ನ ಚಿಂತೆ. 1688ರಲ್ಲಿ ಗಾಲ್ದಾನ್ ಖಾಲ್ಖಾ ಮಂಗೋಲರ ಮೇಲೆ ನುಗ್ಗಿದ. ರಾಜಿ ಮಾತಿಗೆ ರಷ್ಯನ್ನರ ಸೆಲೆಂಗಿನ್ಸ್ಕ್ ಊರಿಗೆ ಹೊರಟಿದ್ದ ಚಿಂಗ್ ದೂತರು ಆ ಯುದ್ಧದಿಂದಾಗಿ ಅರ್ಧ ದಾರಿಯಲ್ಲೇ ಹಿಂದಿರುಗಬೇಕಾಯಿತು. ಹಾಗಾಗಿ ಮರುವರ್ಷ ನೆರ್ಚಿನ್ಸ್ಕ್ ಊರಿನಲ್ಲಿ ಮಾತುಕತೆ. ಗಾಲ್ದಾನ್ ಮತ್ತು ರಷ್ಯಾ ಕೈಜೋಡಿಸಿಬಿಟ್ಟರೆ ಎಂಬ ಭಯವನ್ನು ನೆನಪಿಡಿ, ವ್ಯಾಪಾರದ ಕಲಮಿಗೆ ಬಂದಾಗ ಬೇಕಾಗುತ್ತದೆ.

ರಷ್ಯಾದ ಕಡೆ ಫ್ಯೋದರ್ ಗೊಲೊವಿನ್. ಚಿಂಗ್ ಕಡೆ ಸೊಂಗೊಟು ಮತ್ತು ಚಕ್ರವರ್ತಿಯ ಸೋದರಮಾವ ತೊಂಗ್ ಗುವೊಗಾಂಗ್. ಒಪ್ಪಂದಕ್ಕೆ ಸಹಿ ಬಿದ್ದ ತಿಂಗಳು ಒಂದು ಪುಸ್ತಕದಲ್ಲಿ ಆಗಸ್ಟ್, ಇನ್ನೊಂದರಲ್ಲಿ ಸೆಪ್ಟೆಂಬರ್ ಎಂದಿದ್ದರೆ ಗಾಬರಿಯಾಗಬೇಡಿ. ರಷ್ಯಾದ ಹಳೆ ಕ್ಯಾಲೆಂಡರಿನಲ್ಲಿ ಅದು ಆಗಸ್ಟ್ ಕೊನೆ, ಈಗಿನ ಲೆಕ್ಕದಲ್ಲಿ ಸೆಪ್ಟೆಂಬರ್ ಮೊದಲ ವಾರ.

ಗಡಿ, ನಿಧಾನವಾಗಿ

ಒಂದು ಕವೆಗೋಲನ್ನು ಊಹಿಸಿಕೊಳ್ಳಿ. ಚಾಟರಬಿಲ್ಲು ಮಾಡಲು ಹುಡುಗರು ಕಡಿದು ತರುತ್ತಾರಲ್ಲ, ಅಂಥದ್ದು. ಅದನ್ನು ಅಡ್ಡ ಮಲಗಿಸಿ. ಹಿಡಿ ಪೂರ್ವಕ್ಕೆ, ಎರಡು ಕವಲು ಪಶ್ಚಿಮಕ್ಕೆ. ಮೇಲಿನ ಕವಲು ಶಿಲ್ಕಾ ನದಿ, ಕೆಳಗಿನದು ಅರ್ಗುನ್. ಎರಡೂ ಸೇರಿದ ಜಾಗದಿಂದ ಮುಂದೆ, ಅಂದರೆ ಹಿಡಿಯ ಹೆಸರು ಅಮುರ್. ನೆರ್ಚಿನ್ಸ್ಕ್ ಊರು ಮೇಲಿನ ಕವಲಿನ ಹತ್ತಿರ. ಅಲ್ಬಾಜಿನ್ ಹಿಡಿಯ ಮೇಲೆ.

ಕೆಳಗಿನ ಕವಲು ಸುಲಭ. ಅರ್ಗುನ್ ನದಿಯೇ ಗಡಿ. ದಕ್ಷಿಣ ದಂಡೆ ಚಿಂಗ್‌ಗೆ, ಉತ್ತರ ದಂಡೆ ರಷ್ಯಾಕ್ಕೆ. ದಕ್ಷಿಣ ದಂಡೆಯಲ್ಲಿದ್ದ ರಷ್ಯನ್ನರ ಮನೆಗಳನ್ನು ಆಚೆ ದಂಡೆಗೆ ಸಾಗಿಸಬೇಕು ಎಂದೂ ಬರೆದಿದೆ. ನಾನು ಜಾರಿದ್ದು ಇಲ್ಲೇ. ಅರ್ಗುನ್ ಗಡಿ, ಅದೇ ನೀರು ಮುಂದೆ ಹರಿದು ಅಮುರ್ ಆಗುತ್ತದೆ, ಅಂದ ಮೇಲೆ ಗಡಿಯೂ ನೀರಿನ ಜೊತೆಗೇ ಹೋಗುತ್ತದೆ ಎಂದುಕೊಂಡೆ. ಹೋಗುವುದಿಲ್ಲ. ಹಿಡಿಯ ಉದ್ದಕ್ಕೂ ಒಂದು ಮಾರು ಕೂಡ ಗಡಿ ಇಲ್ಲ.

ಗಡಿ ಮೇಲಿನ ಕವಲಿನ ಕಡೆಯಿಂದ ಹೊರಡುತ್ತದೆ. ಶಿಲ್ಕಾಗೆ ಉತ್ತರದಿಂದ ಬಂದು ಸೇರುವ ಗೊರ್ಬಿತ್ಸಾ ಎಂಬ ಪುಟ್ಟ ಹೊಳೆ ಇದೆ. ಗಡಿ ಆ ಹೊಳೆಗುಂಟ ಉತ್ತರಕ್ಕೆ ಹತ್ತುತ್ತದೆ. ಅದರ ಮೂಲ ಮುಟ್ಟಿದ ಮೇಲೆ ಬೆಟ್ಟಸಾಲಿನ ನೆತ್ತಿ ಹಿಡಿದು ಪೂರ್ವಕ್ಕೆ, ಸಮುದ್ರದ ಕಡೆಗೆ ಸಾಗುತ್ತದೆ. ಇಂದಿನ ನಕ್ಷೆಯಲ್ಲಿ ಆ ಸಾಲಿಗೆ ಸ್ಟಾನೊವೊಯ್ ಎಂಬ ಹೆಸರು. ಚೀನೀಯರು ಅದನ್ನು ಹೊರ ಖಿಂಗನ್ ಎನ್ನುತ್ತಾರೆ. ಎರಡು ಹೆಸರು, ಬೆಟ್ಟ ಒಂದೇ.

ನೆತ್ತಿ ಯಾಕೆ? ಒಪ್ಪಂದದ ನಿಯಮ ಇಷ್ಟೇ: ಆ ಬೆಟ್ಟಸಾಲಿನಿಂದ ದಕ್ಷಿಣಕ್ಕೆ ಹರಿದು ಅಮುರ್ ಸೇರುವ ಹೊಳೆಗಳೆಲ್ಲ ಚಿಂಗ್‌ನವು, ಉತ್ತರಕ್ಕೆ ಹರಿಯುವವು ರಷ್ಯಾದವು. ಅಂದರೆ ನೆಲವನ್ನು ನೀರೇ ಹಂಚುತ್ತದೆ. ನನಗೆ ಇದು ಅರ್ಥವಾದದ್ದು ನಮ್ಮ ಗಂಗಾಮೂಲ ನೆನಪಾದಾಗ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಅಲ್ಲೇ ಹುಟ್ಟುತ್ತವೆ ಎನ್ನುತ್ತಾರೆ ಅಲ್ವಾ? ಆದರೆ ತುಂಗಾ, ಭದ್ರಾ ಕೃಷ್ಣೆಯನ್ನು ಸೇರಿ ಪೂರ್ವದ ಕಡಲಿಗೆ ಹೋಗುತ್ತವೆ. ನೇತ್ರಾವತಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಈಗ ಆ ಬೆಟ್ಟದ ನೆತ್ತಿಯ ಮೇಲೆ ಒಬ್ಬ ನಿಂತು "ಪೂರ್ವಕ್ಕೆ ಹರಿದದ್ದು ನಿನ್ನದು, ಪಶ್ಚಿಮಕ್ಕೆ ಹರಿದದ್ದು ನನ್ನದು" ಎಂದರೆ ಹೇಗೋ, ಹಾಗೆ.

ಎರಡು ನದಿ ಇಟ್ಟು ಪರೀಕ್ಷೆ ಮಾಡಿ ನೋಡಿ. ಜೇಯಾ ನದಿ ಸ್ಟಾನೊವೊಯ್‌ನಲ್ಲಿ ಹುಟ್ಟಿ ದಕ್ಷಿಣಕ್ಕೆ ಹರಿದು ಅಮುರ್ ಸೇರುತ್ತದೆ. ಹಾಗಾಗಿ ಅದು ಬುಡದಿಂದ ತುದಿಯವರೆಗೆ ಚಿಂಗ್‌ನದು. ಅಲ್ದಾನ್ ನದಿ ಹುಟ್ಟುವುದೂ ಅದೇ ಬೆಟ್ಟಗಳಲ್ಲಿ, ಆದರೆ ಉತ್ತರಕ್ಕೆ ಹೋಗಿ ಲೇನಾ ಸೇರುತ್ತದೆ. ಅದು ರಷ್ಯಾದ್ದು. ಈ ಲೆಕ್ಕದಲ್ಲಿ ಅಮುರ್‌ನ ಎರಡೂ ದಂಡೆ ಚಿಂಗ್‌ಗೆ ಸೇರಿದವು. ಗೊಲೊವಿನ್ ಮಾತು ಶುರು ಮಾಡಿದಾಗ ಕೇಳಿದ್ದು ಅಮುರ್ ಗಡಿಯನ್ನೇ, ಅಂದರೆ ನನ್ನ ಕೆಂಪು ಗೆರೆಯನ್ನೇ! ಸೊಂಗೊಟು ಬೈಕಲ್ ಸರೋವರದ ತನಕ ತಮ್ಮದು ಎಂದು ಪಟ್ಟು ಹಿಡಿದ. ಕೊನೆಗೆ ರಷ್ಯಾಕ್ಕೆ ನೆರ್ಚಿನ್ಸ್ಕ್ ಉಳಿಯಿತು, ಅಮುರ್ ಹೋಯಿತು. ಅಲ್ಬಾಜಿನ್ ಕೋಟೆಯನ್ನು ನೆಲಸಮ ಮಾಡಿ ಜನ ಅಲ್ಲಿಂದ ಹೊರಡಬೇಕು ಎಂದಾಯಿತು.

ನೀರಿನ ನಿಯಮ ಒಂದು ಕಡೆ ಮಾತ್ರ ಕೈಕೊಡುತ್ತದೆ. ಪೂರ್ವದಲ್ಲಿ ಉದಾ ಎಂಬ ನದಿ ಅಮುರನ್ನೂ ಸೇರುವುದಿಲ್ಲ, ಲೇನಾವನ್ನೂ ಸೇರುವುದಿಲ್ಲ. ನೇರ ಓಖೋಟ್ಸ್ಕ್ ಸಮುದ್ರಕ್ಕೆ ಬೀಳುತ್ತದೆ. ಉದಾಗೂ ಬೆಟ್ಟಕ್ಕೂ ನಡುವಿನ ನೆಲವನ್ನು ಮುಂದೆ ನೋಡೋಣ ಎಂದು ಹಾಗೇ ಬಿಟ್ಟರು. ನಕ್ಷೆಯಲ್ಲಿ ಅಲ್ಲಿ ಚುಕ್ಕಿ ಗೆರೆ ಹಾಕಿ, ಪೂರ್ತಿ ಗೆರೆ ಬೇಡ.

ಇನ್ನೊಂದು ಗೊಂದಲ ನನ್ನ ಒಂದು ಇಡೀ ಸಂಜೆಯನ್ನು ತಿಂದಿತು. ಒಪ್ಪಂದದ ಲ್ಯಾಟಿನ್ ಪಠ್ಯ ಗೊರ್ಬಿತ್ಸಾ ಹೊಳೆ "ಸಗಾಲಿಯೆನ್ ಉಲಾ" ನದಿಗೆ ಸೇರುತ್ತದೆ ಎನ್ನುತ್ತದೆ. ಮಂಚು ಭಾಷೆಯಲ್ಲಿ ಅದರ ಅರ್ಥ ಕಪ್ಪು ನದಿ, ಅಂದರೆ ಅಮುರ್. ಆದರೆ ನಕ್ಷೆ ನೋಡಿದರೆ ಗೊರ್ಬಿತ್ಸಾ ಸೇರುವುದು ಶಿಲ್ಕಾವನ್ನು! ಬೇರೆ ಗೊರ್ಬಿತ್ಸಾ ಇರಬಹುದೇ ಎಂದು ಹುಡುಕಿ ಸುಸ್ತಾದೆ. ಉತ್ತರ ಸಿಂಪಲ್. ಮಂಚುಗಳಿಗೆ ಶಿಲ್ಕಾ ಅಂದರೆ ಕಪ್ಪು ನದಿಯ ಮೇಲ್ಭಾಗವೇ. ಕವಲಿಗೂ ಹಿಡಿಗೂ ಅವರು ಒಂದೇ ಹೆಸರು ಬಳಸುತ್ತಿದ್ದರು.

ಅಮುರ್ ಗಡಿಯಾದದ್ದು ಯಾವಾಗ ಹಾಗಾದರೆ? 1858ರ ಐಗುನ್ ಒಪ್ಪಂದದಲ್ಲಿ. ನನ್ನ ಗೆರೆ ಸರಿಯೇ ಇತ್ತು, 169 ವರ್ಷ ಮುಂಚೆ ಬಂತು ಅಷ್ಟೇ.

ಯಾವ ಭಾಷೆಯಲ್ಲಿ?

ಇಬ್ಬರೂ ಸಹಿ ಮಾಡಿ ಮುದ್ರೆ ಒತ್ತಿದ್ದು ಲ್ಯಾಟಿನ್ ಪ್ರತಿಗೆ. ಜೊತೆಗೆ ರಷ್ಯನ್ ಪ್ರತಿ ಒಂದು, ಮಂಚು ಪ್ರತಿ ಒಂದು. ಚೀನೀ ಭಾಷೆಯ ಪ್ರತಿಯೇ ಇರಲಿಲ್ಲ. ಚಿಂಗ್ ಕಡೆಯ ದುಭಾಷಿಗಳು ಇಬ್ಬರು ಜೆಸ್ಯೂಟ್ ಪಾದ್ರಿಗಳು, ಪೋರ್ಚುಗಲ್‌ನ ತೊಮಾಸ್ ಪೆರೇರಾ ಮತ್ತು ಫ್ರಾನ್ಸ್‌ನ ಜೆರ್ಬಿಯೋ. ಇದು ಚೀನಾ ಯುರೋಪಿನ ರಾಜ್ಯವೊಂದರ ಜೊತೆ ಮಾಡಿಕೊಂಡ ಮೊದಲ ಒಪ್ಪಂದ. ಇಬ್ಬರೂ ಸರಿಸಮ ಎಂಬ ಧಾಟಿಯಲ್ಲಿದೆ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು.

ವ್ಯಾಪಾರ

ಒಪ್ಪಂದದಲ್ಲಿ ಇರುವುದು ಆರು ಕಲಮು. ವ್ಯಾಪಾರಕ್ಕೆ ಸಿಕ್ಕಿದ್ದು ಒಂದು ಪುಟ್ಟ ಕಲಮು: ರಹದಾರಿ ಪತ್ರ ಇರುವ ಜನ ಎರಡೂ ದೇಶಗಳಿಗೆ ಹೋಗಿಬರಬಹುದು, ಕೊಳ್ಳಬಹುದು, ಮಾರಬಹುದು. ಬೇಟೆಗೆಂದು ಗಡಿ ದಾಟುವವರ ಬಗ್ಗೆಯೇ ಇದಕ್ಕಿಂತ ಜಾಸ್ತಿ ವಿವರ ಇದೆ. ಒಬ್ಬಿಬ್ಬರು ದಾಟಿದರೆ ಹಿಡಿದು ಅವರ ಕಡೆಯ ಅಧಿಕಾರಿಗೆ ಒಪ್ಪಿಸಬೇಕು. ಹತ್ತು ಹದಿನೈದು ಜನ ಆಯುಧ ಹಿಡಿದು ಬಂದು ಕೊಲೆ, ಲೂಟಿ ಮಾಡಿದರೆ ಮರಣದಂಡನೆ.

ಆದರೂ ರಷ್ಯಾ ಅಮುರ್ ಬಿಟ್ಟುಕೊಟ್ಟದ್ದು ಈ ಪುಟ್ಟ ಕಲಮಿಗಾಗಿಯೇ ಎಂದು ನನಗನಿಸುತ್ತದೆ. ಸೈಬೀರಿಯದ ತುಪ್ಪಳ ಬೀಜಿಂಗಿಗೆ, ಅಲ್ಲಿಂದ ರೇಷ್ಮೆ, ಹತ್ತಿ ಬಟ್ಟೆ ಇತ್ತ. ಕಾಂಗ್‌ಶಿಗೆ ಆ ತುಪ್ಪಳದ ದೊಡ್ಡ ಆಸೆ ಇರಲಿಲ್ಲ. ಅವನಿಗೆ ಬೇಕಿದ್ದದ್ದು ರಷ್ಯಾ ಗಾಲ್ದಾನ್ ಪಕ್ಕ ನಿಲ್ಲಬಾರದು ಎಂಬುದು. ಆ ಲೆಕ್ಕ ಫಲಿಸಿತು. 1696ರಲ್ಲಿ ಗಾಲ್ದಾನ್ ಸೋತ, ಮರುವರ್ಷ ಸತ್ತ. "ಯಾರು ಗೆದ್ದರು?" ಎಂಬ ಪ್ರಶ್ನೆಗೆ ಒಬ್ಬರ ಹೆಸರು ಬರೆಯಬೇಡಿ. ಒಬ್ಬರು ಗಡಿ ಕೇಳಿದರು, ಇನ್ನೊಬ್ಬರು ಸಂತೆ ಕೇಳಿದರು.

ಮಂಗೋಲಿಯದ ಗಡಿ ಈ ಒಪ್ಪಂದದಲ್ಲಿ ಇಲ್ಲ. ಅದು 1727ರ ಕ್ಯಾಖ್ತಾ ಒಪ್ಪಂದದಲ್ಲಿ ಬರುತ್ತದೆ. ವ್ಯಾಪಾರದ ನಿಯಮ ಬಿಗಿಯಾದದ್ದೂ ಅಲ್ಲೇ: ಮೂರು ವರ್ಷಕ್ಕೊಮ್ಮೆ ಬೀಜಿಂಗಿಗೆ ಒಂದು ಕಾರವಾನ್, ಅದರಲ್ಲಿ 200 ವ್ಯಾಪಾರಿಗಳು, ಮೀರುವಂತಿಲ್ಲ. ಉಳಿದ ವ್ಯಾಪಾರ ಗಡಿಯಲ್ಲೇ. ರಷ್ಯಾದ ಕಡೆ ಕ್ಯಾಖ್ತಾ ಪೇಟೆ ಎದ್ದಿತು. ಅದರ ಎದುರಿಗೆ ಚೀನೀ ವರ್ತಕರು ತಮ್ಮದೊಂದು ಊರು ಕಟ್ಟಿಕೊಂಡರು. ಅದರ ಹೆಸರು ಮಾಯ್‌ಮಾಯ್‌ಚೆಂಗ್, ಅಂದರೆ ಕೊಡುಕೊಳ್ಳುವ ಊರು. ಆಮೇಲಾಮೇಲೆ ಅಲ್ಲಿಂದ ರಷ್ಯಾಕ್ಕೆ ಹೋದ ಮುಖ್ಯ ಸರಕು ಚಹಾ.