ಮುಂಬೈ ಯಾಕೆ ಉದ್ದಕ್ಕೇ ಬೆಳೆಯಿತು?

ಉಡುಪಿ, ಮಂಗಳೂರು ಕಡೆ “ಮಗ ಮುಂಬೈಯಲ್ಲಿದ್ದಾನೆ” ಅಂದರೆ ಅವನು ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಪನ್ವೇಲ್‌ನಲ್ಲೋ ಇರಬಹುದು. ಈ ಮೂರೂ ಮುಂಬೈ ಪಾಲಿಕೆಗೆ ಸೇರಿಲ್ಲ. ಒಂದೊಂದಕ್ಕೂ ಬೇರೆ ಪಾಲಿಕೆ. ಮುಂಬೈ ಮಹಾನಗರ ಪ್ರದೇಶದಲ್ಲಿ ಮುಂಬೈಯದೂ ಸೇರಿ ಒಂಬತ್ತು ಪಾಲಿಕೆಗಳಿವೆ. ಆದರೂ ಬೆಳಗಾದರೆ ಲೋಕಲ್ ರೈಲುಗಳು ಕಚೇರಿಗಳಿರುವ ದಕ್ಷಿಣಕ್ಕೇ ತುಂಬಿ ಹೋಗುತ್ತವೆ.

ಮೊದಲು ಇಲ್ಲಿದ್ದದ್ದು ಏಳು ದ್ವೀಪ, ನಡುವೆ ಕೆಸರು. ಕೋಲಿ ಮೀನುಗಾರರ ನೆಲ. 1534ರಲ್ಲಿ ಗುಜರಾತಿನ ಸುಲ್ತಾನನಿಂದ ಪೋರ್ಚುಗೀಸರಿಗೆ ಬಂತು. 1661ರಲ್ಲಿ ಅವರ ರಾಜಕುಮಾರಿಯ ಬಳುವಳಿಯಾಗಿ ಇಂಗ್ಲೆಂಡಿನ ದೊರೆಗೆ ಹೋಯಿತು. ಅವನು 1668ರಲ್ಲಿ ವರ್ಷಕ್ಕೆ 10 ಪೌಂಡ್‌ಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಆಮೇಲೆ ಶುರುವಾದದ್ದು ದ್ವೀಪಗಳ ನಡುವಿನ ನೀರು ತುಂಬಿಸಿ ನೆಲ ಮಾಡುವ ಕೆಲಸ. 18ನೇ ಶತಮಾನದಲ್ಲಿ ವರ್ಲಿ ಹತ್ತಿರ ಒಡ್ಡು ಕಟ್ಟಿ ಸಮುದ್ರ ಒಳನುಗ್ಗದಂತೆ ತಡೆದರು. 1838ರಲ್ಲಿ ದಕ್ಷಿಣದ ಕೊಲಾಬಾ ದ್ವೀಪಕ್ಕೆ ರಸ್ತೆ ಬಂದು ಅದೂ ಸೇರಿತು. 1845ರಲ್ಲಿ ಮಾಹಿಮ್ ಸೇತುವೆ ಉತ್ತರದ ದೊಡ್ಡ ದ್ವೀಪ ಸಾಷ್ಟಿಯನ್ನು ಮುಟ್ಟಿತು.

ಮೂರು ಕಡೆ ನೀರು. ಸಾಷ್ಟಿಯ ನಡುವೆ ಗುಡ್ಡ, ಕಾಡು. ಇವತ್ತಿಗೂ ಅಲ್ಲಿ ಸುಮಾರು 100 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವಿದೆ. ಹಾಗಾಗಿ ಊರು ಬೆಳೆಯಲು ಉಳಿದದ್ದು ಕಾಡಿನ ಅಕ್ಕಪಕ್ಕದ ರೈಲು ಹಳಿಗಳ ದಾರಿ ಮಾತ್ರ. 1853ರಲ್ಲಿ ದಕ್ಷಿಣ ಮುಂಬೈಯ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿತು. ಬಟ್ಟೆ ಗಿರಣಿಗಳು ಬಂದವು, ಕೊಂಕಣದಿಂದ ಕೂಲಿಗಳು ಬಂದರು. ದೇಶ ವಿಭಜನೆಯಾದಾಗ ಕಲ್ಯಾಣದ ಸೈನಿಕ ಶಿಬಿರಕ್ಕೆ ಸಿಂಧಿ ನಿರಾಶ್ರಿತರು ಬಂದು, ಅದೇ ಉಲ್ಲಾಸನಗರವಾಯಿತು. ನಮ್ಮವರೂ ಇದೇ ಹಳಿ ಹಿಡಿದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರಿದ್ದರು. ಬಾಡಿಗೆ ಏರಿದಂತೆ ಕುಟುಂಬಗಳು ನಗರದೊಳಗಿನ ಮಾಟುಂಗದಿಂದಾಚೆಗೆ ಹೋದವು.

ಊರನ್ನು ಪೂರ್ವಕ್ಕೆ ತಿರುಗಿಸಬೇಕು ಎಂದು 1960ರ ದಶಕದಲ್ಲೇ ಹೇಳಿದವರು ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಎಂಜಿನಿಯರ್ ಶಿರೀಷ್ ಪಟೇಲ್. ಕೊಲ್ಲಿಯ ಆಚೆ ಹೊಸ ಊರು ಕಟ್ಟಿ, ಸರ್ಕಾರಿ ಕಚೇರಿಗಳನ್ನೂ ಅಲ್ಲಿಗೆ ಒಯ್ಯಿರಿ ಎಂದಿದ್ದರು. 1970ರಲ್ಲಿ ಅದಕ್ಕಾಗಿ ಸಿಡ್ಕೋ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಆದರೆ ಸಚಿವಾಲಯ ಕದಲಲಿಲ್ಲ. ತಮಾಷೆ ಏನು ಗೊತ್ತಾ? ಅದೇ ಕಾಲದಲ್ಲಿ ಅದೇ ಸರ್ಕಾರ ದಕ್ಷಿಣ ತುದಿಯಲ್ಲಿ ಸಮುದ್ರ ತುಂಬಿಸಿ ನರಿಮನ್ ಪಾಯಿಂಟ್‌ನಲ್ಲಿ ಕಚೇರಿಗಳಿಗೆ ಜಾಗ ಮಾಡಿಕೊಟ್ಟಿತು. ಕೆಲಸ ಅಲ್ಲೇ ಉಳಿದರೆ ಜನ ಬೇರೆ ಕಡೆ ಯಾಕೆ ಹೋಗುತ್ತಾರೆ? ಆ ಹೊಸ ಊರು ನವಿ ಮುಂಬೈ ಬೆಳೆಯಿತು, ನಿಜ. ಆದರೆ ಲೋಕಲ್ ರೈಲು ಅಲ್ಲಿನ ವಾಶಿಗೆ ತಲುಪಿದ್ದೇ 1992ರಲ್ಲಿ!

ಮುಂದೆ ಕಚೇರಿಗಳ ಹೊಸ ಕೇಂದ್ರ ಬಾಂದ್ರಾ-ಕುರ್ಲಾದಲ್ಲಿ ಎದ್ದಿತು. ಅದೂ ಮೀಠಿ ನದಿಯ ಜವುಗು ನೆಲವೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮೀಠಿ ಉಕ್ಕಿತು. ನೀರಿಗೆ ಹರಡಿಕೊಳ್ಳಲು ಜಾಗವೇ ಇರಲಿಲ್ಲ.

2024ರ ಜನವರಿಯಲ್ಲಿ ಮುಂಬೈಯ ಶಿವಡಿಯಿಂದ ಕೊಲ್ಲಿಯ ಆಚೆಯ ನ್ಹಾವಾ ಶೇವಾ ಕಡೆಗೆ 21.8 ಕಿಲೋಮೀಟರ್ ಉದ್ದದ ಅಟಲ್ ಸೇತು ತೆರೆಯಿತು. ಅದರ ಮೇಲೆ ರೈಲು ಹಳಿ ಇಲ್ಲ, ಬೈಕ್, ಆಟೋಗಳನ್ನೂ ಬಿಡುವುದಿಲ್ಲ. ಕಾರಿದ್ದವರಿಗೆ ಪೂರ್ವ ಹತ್ತಿರವಾಗಿದೆ. ಮಿಕ್ಕವರಲ್ಲಿ ಜಾಸ್ತಿ ಜನರಿಗೆ ವಾಶಿ ಲೋಕಲ್ಲೇ ಗತಿ.