ಇಲೈಫ್‌ನಲ್ಲಿ ಪೇಪರ್ ಹಾಕಿದ್ರೆ ಲೆಕ್ಕಕ್ಕೆ ಬರುತ್ತಾ?

ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಯಾವ ಜರ್ನಲ್‌ಗೆ ಸಂಶೋಧನಾ ಪೇಪರ್ ಕಳಿಸಬೇಕು ಅಂತ ಪಿಎಚ್‌ಡಿ ಮಾಡುವವರು ನನ್ನ ಹತ್ತಿರ ಬರುತ್ತಾರೆ. ಇಲೈಫ್ ಅನ್ನುವ ಜರ್ನಲ್ ಹೆಸರೆತ್ತಿದರೆ ಈಗ ಒಂದೇ ಪ್ರಶ್ನೆ: "ಮೇಡಂ, ಕೆಲಸದ ಅರ್ಜಿಯಲ್ಲಿ ಅದು ಲೆಕ್ಕಕ್ಕೆ ಬರುತ್ತಾ?" ಜರ್ನಲ್ ಚೆನ್ನಾಗಿದೆಯಾ ಅಂತ ಯಾರೂ ಕೇಳುವುದಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ, ಇಂಟರ್‌ವ್ಯೂನಲ್ಲಿ ಕೇಳುವುದೂ ಅದನ್ನೇ ಅಲ್ವಾ.

ಜೀವವಿಜ್ಞಾನದವರಿಗೆ ಈ ಹೆಸರು ಹೊಸದಲ್ಲ. ಅಮೆರಿಕದ ಹೋವರ್ಡ್ ಹ್ಯೂಸ್ ಸಂಸ್ಥೆ, ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸೊಸೈಟಿ, ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2012ರಲ್ಲಿ ಶುರುಮಾಡಿದ ಜರ್ನಲ್ ಇದು. ಯಾರು ಬೇಕಾದರೂ ಕಾಸು ಕೊಡದೆ ಓದಬಹುದು.

2023ರಲ್ಲಿ ಇವರು ಒಂದು ದೊಡ್ಡ ಬದಲಾವಣೆ ಮಾಡಿದರು. ಬೇರೆ ಕಡೆ ಏನಾಗುತ್ತೆ? ಎರಡು ಮೂರು ರಿವ್ಯೂವರ್‌ಗಳು, ಅಂದರೆ ಅದೇ ವಿಷಯದ ತಜ್ಞರು, ಓದುತ್ತಾರೆ, ತಿಂಗಳುಗಟ್ಟಲೆ ಕಾಯಿಸುತ್ತಾರೆ, ರಿಜೆಕ್ಟ್ ಆದರೆ ಅವರು ಬರೆದದ್ದೆಲ್ಲ ಯಾರದೋ ಇಮೇಲ್‌ನಲ್ಲಿ ಕೊಳೆಯುತ್ತದೆ, ನೀವು ಅದೇ ಪೇಪರನ್ನು ಇನ್ನೊಂದು ಜರ್ನಲ್‌ಗೆ ಹೊಸ ಫಾರ್ಮ್ಯಾಟ್‌ನಲ್ಲಿ ಜೋಡಿಸಿ ಕಳಿಸುತ್ತೀರಿ. ಇಲೈಫ್‌ನಲ್ಲಿ ಯಾವುದನ್ನು ರಿವ್ಯೂಗೆ ಕಳಿಸಬೇಕು ಅಂತ ಸಂಪಾದಕರು ಆರಿಸುತ್ತಾರೆ. ಒಮ್ಮೆ ಕಳಿಸಿದ ಮೇಲೆ ರಿಜೆಕ್ಟ್ ಅನ್ನುವುದೇ ಇಲ್ಲ. ಪೇಪರ್ ಜೊತೆಗೆ ರಿವ್ಯೂಗಳೂ ಎಲ್ಲರಿಗೂ ಕಾಣುವಂತೆ ಬರುತ್ತವೆ. ಮೇಲೆ ಸಂಪಾದಕರ ಚಿಕ್ಕ ಟಿಪ್ಪಣಿ ಇರುತ್ತದೆ: ವಿಷಯ ಎಷ್ಟು ಮುಖ್ಯ, ಪುರಾವೆ ಎಷ್ಟು ಗಟ್ಟಿ. ಎರಡಕ್ಕೂ ಗೊತ್ತುಮಾಡಿದ ಪದಗಳಿವೆ. ಪುರಾವೆಯಲ್ಲಿ 'ಸಾಲಿಡ್' ಅಂದರೆ ಪರವಾಗಿಲ್ಲ, 'ಇನ್‌ಅಡೆಕ್ವೇಟ್' ಅಂದರೆ ಮುಖಕ್ಕೆ ಹೊಡೆದ ಹಾಗೆ.

ಹಾಗೆ ಹೊಡೆಸಿಕೊಂಡವರೂ ಇದ್ದಾರೆ. ದಕ್ಷಿಣ ಆಫ್ರಿಕಾದ ರೈಸಿಂಗ್ ಸ್ಟಾರ್ ಗುಹೆಯಲ್ಲಿ ಸಿಕ್ಕ ಹೋಮೋ ನಲೆಡಿ ಎಂಬ ಆದಿಮಾನವ ಜಾತಿ ತಮ್ಮ ಸತ್ತವರನ್ನು ಹೂಳುತ್ತಿತ್ತು ಅಂತ ಮಾನವಶಾಸ್ತ್ರಜ್ಞ ಲೀ ಬರ್ಗರ್ ತಂಡ 2023ರಲ್ಲಿ ದೊಡ್ಡ ಸುದ್ದಿ ಮಾಡಿತು. ಅವರ ಪೇಪರ್ ಇಲೈಫ್‌ಗೆ ಬಂದಾಗ ಅಲ್ಲಿನ ರಿವ್ಯೂವರ್‌ಗಳು ಈ ವಾದಕ್ಕೆ ಪುರಾವೆ ಸಾಲದು ಅಂತ ಬರೆದರು. ಅದನ್ನು ಯಾರು ಬೇಕಾದರೂ ಓದಬಹುದಿತ್ತು. ಹಳೇ ಪದ್ಧತಿಯಲ್ಲಿ ಆ ಪೇಪರ್ ಸುಮ್ನೆ ಬೇರೆ ಕಡೆ ಹೋಗುತ್ತಿತ್ತು, ಈ ಟೀಕೆ ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ. ನನಗೆ ಈ ಪದ್ಧತಿ ಇಷ್ಟವಾಗುವುದು ಇದಕ್ಕೇ.

ಆದರೆ ಜರ್ನಲ್‌ಗಳನ್ನೂ ಅವುಗಳ ಪೇಪರ್‌ಗಳನ್ನೂ ಪಟ್ಟಿಮಾಡುವ ವೆಬ್ ಆಫ್ ಸೈನ್ಸ್ ನಡೆಸುವ ಕ್ಲಾರಿವೇಟ್ ಕಂಪನಿಗೆ ಇದು ಹಿಡಿಸಲಿಲ್ಲ. ಪುರಾವೆ ಸಾಲದ ಪೇಪರ್‌ಗಳೂ ಒಳಗೆ ಬರುತ್ತವಲ್ಲ ಅನ್ನುವುದು ಅವರ ತಕರಾರು. 2024ರ ಅಕ್ಟೋಬರ್‌ನಲ್ಲಿ ಇಲೈಫ್‌ನ ಹೊಸ ಪೇಪರ್‌ಗಳನ್ನು ಆ ಪಟ್ಟಿಗೆ ಸೇರಿಸುವುದನ್ನು ತಡೆಹಿಡಿದರು. ಆಮೇಲೆ 'ಸಾಲಿಡ್' ಮತ್ತು ಅದಕ್ಕಿಂತ ಮೇಲಿನ ಮಾತು ಸಿಕ್ಕ ಪೇಪರ್‌ಗಳನ್ನು ಮಾತ್ರ ಸೇರಿಸಿಕೊಳ್ಳುವುದು ಅಂತಾಯಿತು. ಅದರಿಂದ ಇಲೈಫ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಹೋಯಿತು. ಒಂದು ಜರ್ನಲ್‌ನ ಹಿಂದಿನ ಎರಡು ವರ್ಷದ ಪೇಪರ್‌ಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಅನ್ನುವ ಸಂಖ್ಯೆ ಅದು. ನಿಮ್ಮ ಪೇಪರ್ ಹೇಗಿದೆ ಅಂತ ಅದು ಏನೂ ಹೇಳುವುದಿಲ್ಲ, ಆದರೂ ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇದ್ದೇ ಇರುತ್ತದೆ.

ಹಾಗಾಗಿ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಯುಜಿಸಿ 2025ರ ಫೆಬ್ರವರಿಯಲ್ಲಿ ತಾನು ಒಪ್ಪುವ ಜರ್ನಲ್‌ಗಳ 'ಕೇರ್' ಪಟ್ಟಿಯನ್ನೇ ಕೈಬಿಟ್ಟಿದೆ, ನಿರ್ಧಾರ ಈಗ ನಿಮ್ಮ ಸಂಸ್ಥೆಯದು. ಅದಕ್ಕೇ ನಿಯಮವನ್ನು ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಕೇಳಿ. ಇಂಪ್ಯಾಕ್ಟ್ ಫ್ಯಾಕ್ಟರ್ ಕಡ್ಡಾಯ ಅಂದರೆ, ಕೆಲಸ ಹುಡುಕುತ್ತಿರುವವರು ಸದ್ಯಕ್ಕೆ ಬೇರೆ ಜರ್ನಲ್ ನೋಡಿ. ಪ್ರಯೋಗ ಮಾಡುವ ಧೈರ್ಯ ಕೆಲಸ ಖಾಯಂ ಆದ ಗೈಡ್‌ಗಳು ತೋರಿಸಲಿ. ಕಡ್ಡಾಯ ಅಲ್ಲ ಅಂದರೆ ಹಾಕಿ, ಅರ್ಜಿ ಜೊತೆ ಸಂಪಾದಕರ ಟಿಪ್ಪಣಿಯ ಪ್ರಿಂಟ್ ಲಗತ್ತಿಸಿ.

ದುಡ್ಡಿನ ವಿಷಯವೂ ಇದೆ. ಹೊಸ ಪದ್ಧತಿ ಬಂದಾಗ ಶುಲ್ಕ 2000 ಡಾಲರ್ ಇತ್ತು. ಪೇಪರ್ ರಿವ್ಯೂಗೆ ಹೋಗುವ ಹೊತ್ತಿಗೇ ಅದನ್ನು ಕಟ್ಟಬೇಕು. ಗ್ರಾಂಟ್ ಇಲ್ಲದವರಿಗೆ ವಿನಾಯಿತಿ ಇದೆ, ಆದರೆ ಅದನ್ನು ಮೊದಲೇ ಕೇಳಿಕೊಳ್ಳಿ.