ಕೋಡಿಂಗ್ ಇಂಟರ್‌ವ್ಯೂಗೆ ಒಗಟು ಎಲ್ಲಿಂದ ಬಂತು?

ಬೆಳಿಗ್ಗೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ ಹತ್ತಿ ನೋಡಿ. ಕಾಲೇಜು ಹುಡುಗ ಹುಡುಗಿಯರಲ್ಲಿ ಕೆಲವರು ಮೊಬೈಲಿನಲ್ಲಿ ಲೀಟ್‌ಕೋಡ್ ಎಂಬ ಕೋಡಿಂಗ್ ಪ್ರಶ್ನೆಗಳ ವೆಬ್‌ಸೈಟ್ ತೆರೆದುಕೊಂಡು ಕೂತಿರುತ್ತಾರೆ. ಪ್ಲೇಸ್‌ಮೆಂಟ್ ಹತ್ತಿರ ಬಂದರಂತೂ ಇನ್ನೂ ಜಾಸ್ತಿ. ‘ಡಿಎಸ್‌ಎ ಎಷ್ಟ್ ಮುಗೀತು?’ ಅನ್ನುವುದು ಅವರ ನಡುವೆ ಊಟ ಆಯ್ತಾ ಎಂದು ಕೇಳಿದಷ್ಟೇ ಮಾಮೂಲು.

ಡಿಎಸ್‌ಎ ಎಂದರೆ ಡೇಟಾ ಸ್ಟ್ರಕ್ಚರ್ಸ್ ಮತ್ತು ಅಲ್ಗಾರಿದಮ್ಸ್, ಅಂದರೆ ಮಾಹಿತಿಯನ್ನು ಜೋಡಿಸಿಡುವ ಬಗೆ ಮತ್ತು ಲೆಕ್ಕ ಬಿಡಿಸುವ ಹೆಜ್ಜೆಗಳು. ಸಾಫ್ಟ್‌ವೇರ್ ಕಂಪನಿಗಳು ಇಂಟರ್‌ವ್ಯೂನಲ್ಲಿ ಇದರದ್ದೇ ಒಗಟು ಕೇಳುತ್ತವೆ. ಬ್ಯಾಡಗಿ ಮಾರುಕಟ್ಟೆಯ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಲಕ್ಷ ಮೆಣಸಿನಕಾಯಿ ಚೀಲಗಳ ತೂಕದ ಪಟ್ಟಿ ಇದೆ ಅಂದುಕೊಳ್ಳಿ. ಎರಡು ಸೇರಿ ಸರಿಯಾಗಿ 70 ಕಿಲೋ ಆಗುವ ಜೋಡಿ ಹುಡುಕಬೇಕು. ಪ್ರತಿ ಚೀಲವನ್ನೂ ಉಳಿದೆಲ್ಲದರ ಜೊತೆ ಕೂಡಿಸುತ್ತ ಹೋದರೆ ಸುಮಾರು 500 ಕೋಟಿ ಸಲ ಕೂಡಿಸಬೇಕಾದೀತು. ಅದರ ಬದಲು ಕಂಡ ತೂಕಗಳನ್ನೆಲ್ಲ ಗುರುತು ಹಾಕಿಕೊಳ್ಳುತ್ತ ಹೋಗಿ. 32 ಕಿಲೋ ಚೀಲ ಬಂದಾಗ ‘38 ಮೊದಲೇ ಬಂದಿದೆಯಾ?’ ಎಂದು ಒಮ್ಮೆ ನೋಡಿದರೆ ಸಾಕು. ಲಕ್ಷ ಹೆಜ್ಜೆಯಲ್ಲಿ ಕೆಲಸ ಮುಗಿಯಿತು. ಚೆಂದದ ವಿದ್ಯೆ ಇದು, ಕಲಿಯಲೇಬೇಕು. ಆದರೆ ಇದನ್ನೇ ನೌಕರಿಯ ಜರಡಿ ಮಾಡಿದ್ದು ಸರಿಯಾ?

ಒಗಟು ಕೇಳಿ ಬುದ್ಧಿ ಅಳೆಯುವ ರೂಢಿ ಹಳೆಯದು. ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿ 1957ರಲ್ಲಿ ಸ್ಟಾಪ್‌ವಾಚ್ ಹಿಡಿದು ಕೇಳಿದ ಪ್ರಶ್ನೆ ಪ್ರಸಿದ್ಧ: 127 ಆಟಗಾರರ ಟೆನಿಸ್ ಪಂದ್ಯಾವಳಿಯಲ್ಲಿ ಒಬ್ಬ ಗೆದ್ದು ಉಳಿಯಲು ಎಷ್ಟು ಮ್ಯಾಚ್ ಬೇಕು? ಉತ್ತರ 126. ಪ್ರತಿ ಮ್ಯಾಚಿಗೂ ಒಬ್ಬರು ಹೊರಗೆ ಹೋಗುತ್ತಾರಲ್ಲ. ಮುಂದೆ ಮೈಕ್ರೋಸಾಫ್ಟ್ ‘ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿರುತ್ತದೆ?’ ಎಂಬಂಥ ಪ್ರಶ್ನೆಗಳಿಗೆ ಹೆಸರಾಯಿತು. ನಮ್ಮ ಸೀನಿಯರ್‌ಗಳು ಇನ್ಫೋಸಿಸ್ ಪರೀಕ್ಷೆಗೆಂದು ಶಕುಂತಲಾ ದೇವಿಯವರ ಒಗಟಿನ ಪುಸ್ತಕ ಓದುತ್ತಿದ್ದರು. ಕೊನೆಗೆ 2013ರಲ್ಲಿ ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಲಾಸ್ಲೋ ಬಾಕ್ ಇಂಥ ಒಗಟುಗಳು ಸುಮ್ನೆ ಟೈಮ್ ವೇಸ್ಟ್ ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಬೋರ್ಡಿನ ಮೇಲೆ ಅಲ್ಗಾರಿದಮ್ ಬರೆಸುವ ಪದ್ಧತಿ ಗಟ್ಟಿಯಾಗಿ ಬೇರೂರಿತ್ತು.

ಈ ಪದ್ಧತಿಯಿಂದ ನಮ್ಮವರಿಗೆ ಉಪಕಾರವೂ ಆಗಿದೆ. ಆನ್‌ಲೈನ್ ಟೆಸ್ಟಿನ ಕಂಪ್ಯೂಟರಿಗೆ ಹಾವೇರಿ, ಗದಗಿನ ಕಾಲೇಜು ಬೇರೆಯಲ್ಲ, ಐಐಟಿ ಬೇರೆಯಲ್ಲ. ಇಂಗ್ಲಿಷ್ ತಡವರಿಸಿದರೂ ಕೋಡ್ ಓಡಿದರೆ ಮುಂದಿನ ರೌಂಡ್.

ಆದರೆ ಒಗಟು ಸಿಲಬಸ್ ಆದಾಗ ಲೆಕ್ಕ ಬದಲಾಯಿತು. ಇಂಟರ್‌ವ್ಯೂ ತಯಾರಿಗೆಂದೇ ಗೈಡುಗಳು ಬಂದವು. ಲೀಟ್‌ಕೋಡ್‌ನಂಥ ವೆಬ್‌ಸೈಟುಗಳು ಬಂದವು. ಪ್ರಶ್ನೆಗಳು ಮೊದಲೇ ಗೊತ್ತಿರುವಾಗ ಗೆಲ್ಲುವುದು ತಿಂಗಳುಗಟ್ಟಲೆ ಬಿಡುವು ಇದ್ದವರು. ಸಂಜೆ ಅಪ್ಪನ ಅಂಗಡಿಯಲ್ಲಿ ಕೂರಬೇಕಾದ ಹುಡುಗನಿಗೆ ಆ ಬಿಡುವು ಎಲ್ಲಿಂದ ಬರಬೇಕು? ನಾನೂ ಒಮ್ಮೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ, ಬೈನರಿ ಟ್ರೀ (ಮಾಹಿತಿಯನ್ನು ಎರಡೆರಡು ಕವಲಾಗಿ ಜೋಡಿಸುವ ಬಗೆ) ಪ್ರಶ್ನೆಯಲ್ಲಿ ಸೋತು ಬಂದೆ. ಬಿಲ್ಲಿಂಗ್ ಬಗ್ಗೆ ಒಂದು ಮಾತೂ ಕೇಳಲಿಲ್ಲ.

2015ರಲ್ಲಿ, ಮ್ಯಾಕ್ ಕಂಪ್ಯೂಟರಿಗೆ ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳಲು ನೆರವಾಗುವ ಹೋಮ್‌ಬ್ರೂ ಎಂಬ ಸಾಫ್ಟ್‌ವೇರ್ ಬರೆದ ಮ್ಯಾಕ್ಸ್ ಹಾವೆಲ್ ಗೂಗಲ್ ಇಂಟರ್‌ವ್ಯೂನಲ್ಲಿ ಫೇಲಾದದ್ದನ್ನು ಟ್ವೀಟ್ ಮಾಡಿದರು. ಆ ಕಂಪನಿಯ ಎಂಜಿನಿಯರುಗಳೇ ಬಳಸುತ್ತಿದ್ದ ಸಾಫ್ಟ್‌ವೇರ್ ಅದು! 2020ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು 48 ಜನರಿಗೆ ಒಂದೇ ಪ್ರಶ್ನೆ ಕೊಟ್ಟರು. ಕೆಲವರು ಒಬ್ಬರೇ ಕೂತು ಬಿಡಿಸಿದರು, ಉಳಿದವರ ಎದುರು ಇಂಟರ್‌ವ್ಯೂ ಮಾಡುವವರು ಇದ್ದರು. ಎದುರಿಗೆ ಜನ ಇದ್ದವರ ಫಲಿತಾಂಶ ಅರ್ಧಕ್ಕರ್ಧ ಕುಸಿಯಿತು. ಹಾಗಾದರೆ ಅಳೆದದ್ದು ಕೋಡಿಂಗನ್ನಾ, ಧೈರ್ಯವನ್ನಾ?

2022ರ ನವೆಂಬರಿನಲ್ಲಿ, ಕೇಳಿದರೆ ಕೋಡನ್ನೂ ಬರೆದುಕೊಡುವ ಚಾಟ್‌ಜಿಪಿಟಿ ಬಂದ ಮೇಲೆ ಮನೆಯಿಂದ ಬರೆಯುವ ಟೆಸ್ಟಿನ ಮೇಲಿನ ನಂಬಿಕೆಯೂ ಸಡಿಲವಾಯಿತು.

ಒಂದು ನೌಕರಿಗೆ ನೂರಾರು ಅರ್ಜಿ ಬರುವಾಗ ಯಾವುದೋ ಒಂದು ಜರಡಿ ಬೇಕು, ನಿಜ. ಹತ್ತು ನಿಮಿಷದ ಸರಳ ಪ್ರೋಗ್ರಾಂ ಬರೆಸಿದರೆ ಅದಕ್ಕೆ ಸಾಕು ಅಂತ ನನಗೆ ಅನ್ನಿಸುತ್ತದೆ. ಈಗ ನಾನಿರುವ ಹುಬ್ಬಳ್ಳಿಯ ಸಣ್ಣ ಆಫೀಸಿನಲ್ಲಿ ಅದಾದ ಮೇಲೆ ನಮ್ಮದೇ ಹಳೆಯ ಬಿಲ್ಲಿಂಗ್ ಕೋಡಿನ ಒಂದು ತುಂಡು ಕೊಡುತ್ತೇವೆ. ಅದರಲ್ಲಿ ಒಂದು ತಪ್ಪಿದೆ, ಒಂದು ಗಂಟೆ ಟೈಮು, ಇಂಟರ್‌ನೆಟ್ ನೋಡಬಹುದು, ರೂಮಿನಲ್ಲಿ ಯಾರೂ ಕೂರುವುದಿಲ್ಲ. ಹೋದ ಸಲ ಹಾವೇರಿ ಕಡೆಯ ಹುಡುಗಿಯೊಬ್ಬಳು ಅರ್ಧ ಗಂಟೆಗೇ ಹೊರಗೆ ಬಂದಳು. ‘ತಪ್ಪು ಸಿಕ್ತ್ರೀ ಸರ್. ಆದ್ರ ರಸೀದಿ ಎರಡು ಸಲ ಪ್ರಿಂಟ್ ಮಾಡಿದ್ರ ಸ್ಟಾಕೂ ಎರಡು ಸಲ ಕಡಿಮಿ ಆಗ್ತದಲ್ರೀ?’ ಎಂದು ಕೇಳಿದಳು. ಆ ಎರಡನೆಯ ತಪ್ಪು ಅಲ್ಲಿದೆ ಎಂದು ನಮಗೇ ಗೊತ್ತಿರಲಿಲ್ಲ.